ಬಾಯಿಂದ ಊದಬಾರದು

ಜನವರಿ 9

ಬಿಚ್ಚಪ್ಪನಿಗೆ ಅಕ್ಕನ ಆಶೀರ್ವಾದ.

ಈಗಲೂ ಹಾಗೇ ಕರೆಯುತ್ತೇನೆ, ಮುಖ ಊದಿಸಿಕೊಳ್ಳಬೇಡ. ಗಡಿಯಾರ, ರೇಡಿಯೋ, ಅಮ್ಮನ ಹೊಲಿಗೆ ಮಿಷನ್ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರಡಿಕೊಂಡು ಕೂತು ಬೈಸಿಕೊಳ್ಳುತ್ತಿದ್ದವನು ಈಗ ಅದೇ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುತ್ತೀಯ. ನನಗೆ ಹೊಟ್ಟೆಕಿಚ್ಚು. ಫೋನ್ ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ. ನಾನು ಕೂಗಿದರೆ ಇಡೀ ಬೀದಿಗೆ ಕೇಳುತ್ತದೆ, ನಿನಗೊಬ್ಬನಿಗೆ ಬಿಟ್ಟು. ಮೊಬೈಲಿನಲ್ಲಿ ಬರೆದರೆ ‘ಹೂಂ’ ಎಂದು ಕಳಿಸಿ ಸುಮ್ಮನಾಗುತ್ತೀಯ. ಅದಕ್ಕೇ ಈ ಕಾಗದ. ಹಿಂದುಗಡೆ ಹಾಳಾದ ಬಿಲ್ ಇದೆ, ಅದನ್ನು ಓದಬೇಡ.

ವಿಷಯ ಇಷ್ಟೇ. ನಮ್ಮ ಕಲ್ಲು ಕಟಿಂಗ್ ಶೆಡ್ಡಿನ ಆಫೀಸಿನಲ್ಲಿ ನಾನು ಬಿಲ್ ಹಾಕುವ ಕಂಪ್ಯೂಟರ್ ಸ್ವಲ್ಪ ಹೊತ್ತು ಅಬ್ಬರಿಸುತ್ತದೆ, ಆಮೇಲೆ ಯಾರೂ ಮುಟ್ಟದೆ ತಾನಾಗಿಯೇ ಆರಿಹೋಗುತ್ತದೆ. ಒಳಗೆ ಧೂಳು ತುಂಬಿದೆ ಎಂದು ನನಗೂ ಗೊತ್ತು. “ನಿನ್ನ ತಮ್ಮ ಅದೇ ಲೈನಲ್ಲಿದಾನಲ್ಲ, ಅವನ್ನೇ ಕೇಳು” ಎಂದರು ಮಾಲೀಕರು. ಇನ್ನಷ್ಟು ಧೂಳು ಹೋಗದಿರಲಿ ಎಂದು ನಿನ್ನ ಭಾವ ತಮ್ಮ ಟವೆಲನ್ನು ಒದ್ದೆ ಮಾಡಿ, ಹಿಂಡಿ, ಅದರ ಬೆನ್ನಿಗೆ ಸುತ್ತಿ ಕಟ್ಟಿದ್ದರು. ಹೆಂಡತಿಗೂ ಇಷ್ಟು ಆರೈಕೆ ಇಲ್ಲ ಎಂದು ಶೆಡ್ಡಿನವರೆಲ್ಲ ನಕ್ಕರು. ಟವೆಲ್ ಕಟ್ಟಿದ ಮೇಲೆ ಇನ್ನೂ ಬೇಗ ಆರುತ್ತಿದೆ.

ನಿನ್ನೆ ನಾನೇ ಪಕ್ಕದ ಮುಚ್ಚಳ ತೆಗೆದು ಬಾಯಿಂದ ಜೋರಾಗಿ ಊದಿದೆ. ಮುಖಕ್ಕೆ ಹಿಟ್ಟು ಎರಚಿದ ಹಾಗಾಯಿತು. ಮಧ್ಯಾಹ್ನವೆಲ್ಲ ಕೆಮ್ಮಿದೆ. “ಬಾ, ಇನ್ಮೇಲೆ ಇಬ್ಬರೂ ಜೊತೇಲೇ ಕೆಮ್ಮಬಹುದು” ಎಂದರು ನಿನ್ನ ಭಾವ. ಅವರ ಕೆಮ್ಮು ಹಾಗೇ ಇದೆ. ಟಿಬಿ ಇರಬಹುದೆಂದು ಡಾಕ್ಟರು ಮಾತ್ರೆ ಕೊಟ್ಟು ಬಹಳ ದಿನವಾಯಿತು. ಮಾತ್ರೆ ನುಂಗುತ್ತಾರೆ, ಉಚ್ಚೆ ಕೆಂಪಗೆ ಹೋಗುತ್ತದೆ ಎಂದು ಗೊಣಗುತ್ತಾರೆ, ಕೆಮ್ಮು ಮಾತ್ರ ಜಪ್ಪಯ್ಯ ಅಂದರೂ ಕದಲಿಲ್ಲ.

ಕ್ಲೀನ್ ಮಾಡುವುದು ಹೇಗೆಂದು ನನಗೆ ಅರ್ಥವಾಗುವ ಹಾಗೆ ಬರೆ.

ನಿನ್ನ ಅಕ್ಕ


ಜನವರಿ 17

ಅಕ್ಕನಿಗೆ ನಮಸ್ಕಾರ.

ಮೊದಲು ಆ ಟವೆಲ್ ಬಿಚ್ಚು. ಕಂಪ್ಯೂಟರೂ ಉಸಿರಾಡಬೇಕು. ಬೆನ್ನಿನ ಕಡೆಯಿಂದ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಅಲ್ಲಿ ಬಟ್ಟೆ ಕಟ್ಟಿದರೆ ಒಳಗೇ ಬೆಂದು, ಸುಟ್ಟುಹೋಗುವ ಬದಲು ತಾನೇ ಆರಿಕೊಳ್ಳುತ್ತದೆ. ಬಟ್ಟೆ ಕಟ್ಟಬೇಕಾದದ್ದು ಭಾವನ ಮೂಗಿಗೆ.

ಇನ್ನು ಮೇಲೆ ಬಾಯಿಂದ ಊದಬಾರದು. ಊದಿದರೆ ಉಗುಳು ಹಾರಿ ಬೋರ್ಡಿನ ಮೇಲೆ ಕೂರುತ್ತದೆ. ಹಾರಿದ ಧೂಳು ನಿನ್ನೊಳಗೆ ಹೋಗುತ್ತದೆ, ಅದು ಬೇರೆ.

ಈಗ ನಾನು ಹೇಳಿದ ಹಾಗೆ ಮಾಡು. ಆರಿಸಿದ ಮೇಲೆ ಗೋಡೆಯಿಂದ ವೈರ್ ಕೀಳು. ಕಿತ್ತ ಮೇಲೂ ಆನ್ ಮಾಡುವ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿ, ಒಳಗೆ ಅಲ್ಪಸ್ವಲ್ಪ ಕರೆಂಟ್ ಉಳಿದಿದ್ದರೆ ಖಾಲಿಯಾಗಲಿ. ಕಂಪ್ಯೂಟರಿನ ಡಬ್ಬವನ್ನು ಆಫೀಸಿನ ಹೊರಗೆ, ಗಾಳಿಯಾಡುವ ಕಡೆ ಒಯ್ಯಿ. ಶೆಡ್ಡಿನ ಕಡೆಗಲ್ಲ, ರಸ್ತೆಯ ಕಡೆಗೆ. ಮೂಗು ಬಾಯಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೋ. ಒಳಗೆ ಕೈ ಹಾಕುವ ಮೊದಲು ಡಬ್ಬದ ಬರಿ ತಗಡನ್ನು ಮುಟ್ಟು, ನಡುನಡುವೆಯೂ ಮುಟ್ಟುತ್ತಿರು. ನಮ್ಮ ಮೈಯಲ್ಲೂ ಚೂರು ಕರೆಂಟ್ ಇರುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ, ಬೋರ್ಡಿಗೆ ಅಷ್ಟೇ ಸಾಕು, ಕಥೆ ಮುಗಿಯುತ್ತದೆ.

ಬಣ್ಣ ಬಳಿಯುವ ಹೊಸ ಬ್ರಷ್ ತೆಗೆದುಕೋ, ಮೆತ್ತಗಿರಲಿ. ಮೇಲಿಂದ ಕೆಳಕ್ಕೆ ಮೆಲ್ಲಗೆ ಆಡಿಸು. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ಹಿಡಿದುಕೊಂಡೇ ಒರೆಸಬೇಕು, ಗಿರಗಿರ ತಿರುಗಲು ಬಿಡಬಾರದು. ಒದ್ದೆ ಬಟ್ಟೆ ಬೇಡ. ಮನೆಯ ಧೂಳು ಎಳೆಯುವ ಮಿಷನ್ನೂ ಬೇಡ. ಶೆಡ್ಡಿನ ಕಂಪ್ರೆಸರ್ ಪೈಪನ್ನಂತೂ ಹತ್ತಿರಕ್ಕೂ ತರಬೇಡ, ಅದರ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರುತ್ತವೆ.

ಕೊನೆಯದು, ಇದನ್ನು ಮರೆತರೆ ನನಗೆ ಅಕ್ಕ ಇರುವುದಿಲ್ಲ. ಹಿಂದುಗಡೆ, ವೈರ್ ಸಿಕ್ಕಿಸುವ ಕಡೆ ಒಂದು ತಗಡಿನ ಪೆಟ್ಟಿಗೆ ಇದೆ, ಅದಕ್ಕೇ ಬೇರೆ ಫ್ಯಾನು, ಜಾಲರಿ. ಕರೆಂಟ್ ಡಬ್ಬಿ ಎಂದುಕೋ. ಅದನ್ನು ಯಾವತ್ತೂ ಬಿಚ್ಚಬಾರದು. ವೈರ್ ಕಿತ್ತ ಮೇಲೂ ಅದರ ಹೊಟ್ಟೆಯಲ್ಲಿ ಕರೆಂಟ್ ಕೂತಿರುತ್ತದೆ, ಹೊಡೆದರೆ ಎತ್ತಿ ಬಿಸಾಡುತ್ತದೆ. ಅದು ಕೊಳಕಾಗಿಯೇ ಇರಲಿ.

ಧೂಳು ಎಂಥದ್ದು, ಬೂದಿ ಬಣ್ಣದ ಹತ್ತಿಯ ಹಾಗಿದೆಯಾ? ಒಂದು ಚಿಟಿಕೆ ಕಾಗದದಲ್ಲಿ ಮಡಚಿ ಕಳಿಸು. ನಗಬೇಡ, ಕಾರಣ ಇದೆ.

ನಿನ್ನ ತಮ್ಮ


ಜನವರಿ 30

ಬಿಚ್ಚಪ್ಪ,

ನೀನು ಹೇಳಿದ ಹಾಗೇ ಮಾಡಿದೆ, ಒಂದಕ್ಷರ ಬಿಡದೆ. ಕಂಪ್ಯೂಟರ್ ಈಗ ನಿದ್ದೆ ಮಾಡುವ ಬೆಕ್ಕಿನ ಹಾಗೆ ತಣ್ಣಗಿದೆ. ಮಾಲೀಕರು ಕಿವಿಯಿಂದ ಕಿವಿಗೆ ನಕ್ಕು, “ಪ್ರತಿ ಶನಿವಾರ ಹೀಗೇ ಮಾಡಮ್ಮ, ಲಕಲಕ ಅಂತಿರಲಿ” ಎಂದು ಅಪ್ಪಣೆ ಮಾಡಿದರು. ಕರೆಂಟ್ ಡಬ್ಬಿಯ ಕಡೆ ತಿರುಗಿಯೂ ನೋಡಿಲ್ಲ, ಹೆದರಬೇಡ.

ಫ್ಯಾನಿನ ರೆಕ್ಕೆ ಹಿಡಿದುಕೊಂಡವರು ನಿನ್ನ ಭಾವ. ಅವರ ಬೆರಳು ಎಷ್ಟು ದಪ್ಪ ಎಂದರೆ ಫ್ಯಾನೇ ಹೆದರಿ ನಿಂತಿರಬೇಕು. ನಾನು ಬ್ರಷ್ ಆಡಿಸುವಾಗ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, “ಅಲ್ಲಿ ಮೂಲೇಲಿ ಇದೆ ನೋಡೇ, ಇನ್ನೂ ಇದೆ” ಎಂದು ಮೇಸ್ತ್ರಿಗಿರಿ ಮಾಡುತ್ತಿದ್ದರು. ಬಹಳ ದಿನಗಳ ಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಒಂದು ಕೆಲಸ ಮಾಡಿದ್ದು. ನನಗೆ ಸಂತೋಷವಾಗಿತ್ತು ಕಣೋ.

ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಡಬ್ಬವನ್ನು ಹೊರಗೆ ಒಯ್ಯಲು ಎತ್ತಿಕೊಂಡವರು ಅವರೇ. ಬಾಗಿಲ ತನಕವೂ ಹೋಗಲಿಲ್ಲ, ನೆಲಕ್ಕಿಟ್ಟು ಗೋಡೆ ಹಿಡಿದು ನಿಂತರು. ಇದೇ ಮನುಷ್ಯ ಅಡುಗೆ ಕಟ್ಟೆಯ ಕಲ್ಲನ್ನು ಒಬ್ಬರೇ ಹೆಗಲ ಮೇಲೆ ಹೊತ್ತು ಲಾರಿಗೆ ಹಾಕುತ್ತಿದ್ದುದನ್ನು ನೀನೂ ನೋಡಿದ್ದೀಯ. ನಾನು ನೋಡಲಿಲ್ಲವೆಂಬಂತೆ ಬ್ರಷ್ ಹುಡುಕುತ್ತಾ ನಿಂತೆ.

ಮೂಗಿಗೆ ಬಟ್ಟೆ ಕಟ್ಟಿ ಎಂದೆ. “ಕಟ್ಟಿದ್ರೆ ಉಸಿರೇ ಸಿಗಲ್ಲ” ಎಂದರು. ಸಂಜೆ ಎಲ್ಲರೂ ಸಾಲಾಗಿ ನಿಂತು ಅದೇ ಕಂಪ್ರೆಸರ್ ಪೈಪಿನಿಂದ ತಲೆ, ಬಟ್ಟೆ ಎಲ್ಲಕ್ಕೂ ಗಾಳಿ ಹೊಡೆದುಕೊಂಡು ಮನೆಗೆ ಹೊರಡುತ್ತಾರೆ. ಕಂಪ್ಯೂಟರಿಗೆ ಆಗದ ಗಾಳಿ ಇವರಿಗೆ ಆಗುತ್ತದೆ.

ನೀನು ಕೇಳಿದ ಧೂಳು ಪೊಟ್ಟಣದಲ್ಲಿದೆ. ಹತ್ತಿಯ ಹಾಗಿಲ್ಲ, ಬೆಳ್ಳಗಿದೆ.

ಅಕ್ಕ


ಫೆಬ್ರವರಿ 8

ಅಕ್ಕಾ,

ಪೊಟ್ಟಣ ಬಂತು.

ನನ್ನ ಮೇಜಿನ ಮೇಲೆ ದಿನಾ ಕಂಪ್ಯೂಟರುಗಳು ಬರುತ್ತವೆ. ಎಲ್ಲಿಂದ ಬಂತು ಎಂದು ಚೀಟಿ ನೋಡುವ ಮೊದಲೇ ಹೇಳುತ್ತೇನೆ. ಹೋಟೆಲಿನದ್ದಾದರೆ ಒಳಗೆ ಜಿಡ್ಡು, ದರ್ಜಿಯ ಅಂಗಡಿಯದ್ದಾದರೆ ನೂಲು, ಬೆಕ್ಕು ಸಾಕಿದವರ ಮನೆಯದ್ದಾದರೆ ಕೂದಲು. ಕಂಪ್ಯೂಟರ್ ಇಡೀ ದಿನ ಗಾಳಿ ಎಳೆದುಕೊಳ್ಳುತ್ತದೆ, ಆ ಕೋಣೆಯಲ್ಲಿ ಏನಿದೆಯೋ ಅದನ್ನೇ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಅದಕ್ಕೇ ನಿನ್ನನ್ನು ಕೇಳಿದ್ದು.

ನೀನು ಕಳಿಸಿದ್ದನ್ನು ಬೆರಳ ನಡುವೆ ಉಜ್ಜಿ ನೋಡಿದೆ. ಗಾಜಿನ ಪುಡಿಯ ಹಾಗೆ ಚುಚ್ಚುತ್ತದೆ. ಇದು ಬರಿ ಕಲ್ಲು ಅಕ್ಕಾ. ಅದೂ ಗೋಡೆಯ ಈಚೆ ಇರುವ ಆಫೀಸಿನಲ್ಲಿ ಸಿಕ್ಕಿದ್ದು. ಗೋಡೆಯ ಆಚೆ ಭಾವ ಗ್ರೈಂಡರ್ ಹಿಡಿದು ಮುಖದ ಹತ್ತಿರವೇ ಕಲ್ಲು ಕೊಯ್ಯುತ್ತಾರೆ. ಅವರ ಎದೆಯನ್ನು ಮೇಲಿಂದ ಕೆಳಕ್ಕೆ ಬ್ರಷ್ ಆಡಿಸಿ ಒರೆಸಲು ಬರುವುದಿಲ್ಲ.

ಅಲ್ಲಿ ನೀರು ಬಿಟ್ಟು ಕೊಯ್ಯುತ್ತಾರಾ, ಒಣಗಿದ್ದನ್ನೇ ಕೊಯ್ಯುತ್ತಾರಾ? ಭಾವ ಕಲ್ಲು ಕೊಯ್ಯುತ್ತಾರೆ ಎಂಬುದು ಆ ಡಾಕ್ಟರಿಗೆ ಗೊತ್ತಿದೆಯಾ? ಟಿಬಿ ಅಲ್ಲದೇ ಇದ್ದರೆ ಆ ಮಾತ್ರೆ ಎಷ್ಟು ನುಂಗಿದರೂ ಅಷ್ಟೇ. ಅವರಿಗೆ ಉಸಿರು ಇರುವಾಗಲೇ ಅವರನ್ನು ಆ ಶೆಡ್ಡಿನಿಂದ ಆಚೆ ತಾ. ನನಗೆ ಬೇರೆ ಏನೂ ಬೇಡ. ಇಬ್ಬರೂ ಇಲ್ಲಿಗೇ ಬನ್ನಿ. ನನ್ನ ಕೋಣೆ ಚಿಕ್ಕದು, ಆದರೆ ಕಿಟಕಿ ದೊಡ್ಡದು.

ತಮ್ಮ


ಫೆಬ್ರವರಿ 21

ತಮ್ಮಾ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಊಟದ ತಟ್ಟೆ ಸರಿಸಿ ಎದ್ದುಬಿಟ್ಟರು. “ಕಂಪ್ಯೂಟರ್ ರಿಪೇರಿಯವನು ಎದೆ ರಿಪೇರಿನೂ ಶುರು ಮಾಡಿದನಾ?” ಎಂದು ಕೂಗಾಡಿದರು. ಕೂಗಾಡಿದ್ದು ಎರಡೇ ಮಾತು, ಉಸಿರು ಸಾಲಲಿಲ್ಲ. ಆಮೇಲೆ ಮೆಲ್ಲಗೆ, “ಕಲ್ಲು ಬಿಟ್ಟು ನನಗೆ ಇನ್ನೇನು ಬರುತ್ತೆ ಹೇಳು” ಎಂದರು.

ನೀರು ಬಿಟ್ಟೇ ಕೊಯ್ಯಬೇಕೆಂದು ನಿಯಮ ಇದೆ. ಪೈಪೂ ಇದೆ. ನೀರು ಬಿಟ್ಟರೆ ಕೆಸರಾಗುತ್ತದೆ, ಗೆರೆ ಕಾಣುವುದಿಲ್ಲ, ಕೆಲಸ ನಿಧಾನ ಎಂದು ಮಾಲೀಕರು ನಲ್ಲಿಯ ಹಿಡಿಯನ್ನೇ ತೆಗೆದಿಟ್ಟಿದ್ದಾರೆ. ಹಿಡಿ ನನ್ನ ಮೇಜಿನ ಡ್ರಾದಲ್ಲಿದೆ. ಇಷ್ಟು ದಿನ ಅದು ಯಾವುದೋ ಮಿಷನ್ನಿನ ತುಂಡು ಎಂದುಕೊಂಡಿದ್ದೆ.

ಡಾಕ್ಟರ ಹತ್ತಿರ ನಾನೂ ಹೋದೆ. ಕೆಲಸ ಏನು ಎಂದು ಅವರು ಕೇಳಿದರು. “ಕಲ್ಲಿನ ಕೆಲಸ, ಆದ್ರೆ ನೀರು ಬಿಟ್ಟೇ ಕೊಯ್ಯೋದು, ಧೂಳು ಇಲ್ಲ” ಎಂದರು ಇವರು, ನನ್ನ ಮುಖ ನೋಡದೆ. ಡಾಕ್ಟರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಾರ್ಖಾನೆ ತಪಾಸಣೆಯವರಿಗೆ ಒಂದು ಪತ್ರ ಬರೆಯುತ್ತೇನೆ, ಅವರು ಬಂದು ನೋಡಿ ಧೂಳಿದೆ ಎಂದರೆ ಎಲ್ಲ ಬೇರೆ ಥರ ಯೋಚಿಸಬೇಕಾಗುತ್ತದೆ ಎಂದರು. ಮನೆಗೆ ಬರುವಾಗ ಬಸ್ಸಿನಲ್ಲಿ ಇವರು ಬೇರೆ ಸೀಟಿನಲ್ಲಿ ಹೋಗಿ ಕೂತರು. ನನಗೆ ಮಾತ್ರ ಹಗುರಾಗಿತ್ತು. ಅವರು ಬರಲಿ, ಕಣ್ಣಾರೆ ನೋಡಲಿ. ನಾನು ಬಾಯಿ ಬಿಡುವ ಗೋಜೇ ಇಲ್ಲದೆ ಎಲ್ಲ ಬಗೆಹರಿಯುತ್ತದೆ.

ಅಕ್ಕ


ಮಾರ್ಚ್ 14

ತಮ್ಮಾ,

ತಪಾಸಣೆಯವರು ಬಂದು ಹೋದರು.

ಬರುತ್ತಾರೆಂದು ಮಾಲೀಕರಿಗೆ ಮೊದಲೇ ಗೊತ್ತಿತ್ತು. ಹೇಗೆ ಎಂದು ಕೇಳಬೇಡ. ಹಿಂದಿನ ದಿನ ಶೆಡ್ಡಿಗೆ ಕೆಲಸವಿಲ್ಲ, ಎಲ್ಲರ ಕೈಯಲ್ಲೂ ಪೊರಕೆ, ಬಕೆಟ್ಟು. ನನ್ನ ಡ್ರಾದಿಂದ ನಲ್ಲಿಯ ಹಿಡಿ ಹೋಗಿ ನಲ್ಲಿಯಲ್ಲಿ ಕೂತಿತು. ಬೆಳಿಗ್ಗೆ ಎಲ್ಲರೂ ಒಗೆದ ಅಂಗಿ ಹಾಕಿ, ಹೊಸ ಮುಖಗವಸು ಕುತ್ತಿಗೆಗೆ ನೇತುಹಾಕಿಕೊಂಡು ಮದುವೆಗೆ ಬಂದವರ ಹಾಗೆ ನಿಂತಿದ್ದರು.

ಆ ಅಧಿಕಾರಿ ಕೆಟ್ಟವನಲ್ಲ. ಕಿಟಕಿಯ ಸಂದಿ, ಫ್ಯಾನಿನ ಮೇಲ್ಭಾಗ, ಎಲ್ಲ ನೋಡಿದ. “ಇವತ್ತು ತೊಳೆದಿದೀರಿ, ಅದು ಕಾಣ್ತಿದೆ. ದಿನಾ ಹೇಗಿರುತ್ತೆ?” ಎಂದು ನೇರವಾಗಿಯೇ ಕೇಳಿದ. ಆಗ ಮಾಲೀಕರು ಅವನನ್ನು ಆಫೀಸಿಗೆ ಕರೆತಂದರು. ನನ್ನನ್ನು ಎಬ್ಬಿಸಿ, ಕಂಪ್ಯೂಟರಿನ ಪಕ್ಕದ ಮುಚ್ಚಳವನ್ನು ತಾವೇ ಸರಿಸಿದರು.

“ನೋಡಿ ಸಾರ್. ಕಂಪ್ಯೂಟರ್ ಅಂದ್ರೆ ಎಷ್ಟು ನಾಜೂಕು ಅಂತ ನಿಮಗೆ ಗೊತ್ತು. ಶೆಡ್ಡಿಗೂ ಇದಕ್ಕೂ ನಡುವೆ ಇರೋದು ಒಂದು ತಗಡಿನ ಗೋಡೆ. ಧೂಳಿದ್ರೆ ಇದು ಇಷ್ಟು ವರ್ಷ ಬಾಳ್ತಿತ್ತಾ? ಇದನ್ನಂತೂ ನಿನ್ನೆ ಯಾರೂ ತೊಳೆದಿಲ್ಲ, ತೊಳೆಯೋಕೂ ಆಗಲ್ಲ.”

ಅಧಿಕಾರಿ ಬಗ್ಗಿ ನೋಡಿದ. ಬೆರಳು ಹಾಕಿ ಬೋರ್ಡಿನ ಅಂಚನ್ನು ಸವರಿ ಬೆರಳು ನೋಡಿಕೊಂಡ. ಏನೂ ಇರಲಿಲ್ಲ. ಏನಿರುತ್ತದೆ? ಶನಿವಾರವಷ್ಟೇ ನಾನು ಬ್ರಷ್ ಹಾಕಿದ್ದೆ, ಮೇಲಿಂದ ಕೆಳಕ್ಕೆ, ಮೂಲೆ ಮೂಲೆಯೂ ಬಿಡದೆ. ನಿನ್ನ ಭಾವ ಫ್ಯಾನು ಹಿಡಿದುಕೊಂಡಿದ್ದರು.

“ನೀವೇನಾದ್ರೂ ಹೇಳೋದಿದೆಯಾಮ್ಮ?” ಎಂದು ಅವನು ನನ್ನನ್ನು ಕೇಳಿದ. ಇವರು ಬಾಗಿಲಲ್ಲಿ ನಿಂತಿದ್ದರು. ಬೇಡ ಎಂದು ತಲೆ ಕೂಡ ಆಡಿಸಲಿಲ್ಲ, ಸುಮ್ಮನೆ ನೋಡಿದರು. ಕೆಮ್ಮು ಬರದ ಹಾಗೆ ತಡೆದುಕೊಂಡು ಕುತ್ತಿಗೆಯ ನರ ಉಬ್ಬಿತ್ತು.

“ಇಲ್ಲ ಸಾರ್” ಎಂದೆ.

ಆ ಮಾತು ನನ್ನ ಬಾಯಿಂದಲೇ ಬಂತು ಕಣೋ. ಧೂಳಿಲ್ಲ ಎಂದು ಅವನು ಬರೆದುಕೊಂಡು ಹೋದ. ಮಾಲೀಕರು ನನ್ನ ಬೆನ್ನು ತಟ್ಟಿದರು.

ಅಕ್ಕ


ಮಾರ್ಚ್ 22

ಅಕ್ಕಾ,

ನಿನ್ನನ್ನು ಬೈಯಲು ಕೂತೆ, ಆಗಲಿಲ್ಲ. ಬ್ರಷ್ ಹಾಕು ಎಂದು ಬರೆದವನು ನಾನು. ಬೆರಳಲ್ಲಿ ಫ್ಯಾನು ಹಿಡಿ ಎಂದವನೂ ನಾನೇ. ಆ ಚಿಟಿಕೆ ಧೂಳನ್ನು ಕಸದ ಬುಟ್ಟಿಗೆ ಹಾಕಿದವನೂ ನಾನೇ. ಇವತ್ತು ಅಂಗಡಿಯಲ್ಲಿ ಒಂದು ಕಂಪ್ಯೂಟರ್ ಕ್ಲೀನ್ ಮಾಡುವಾಗ ಕೈ ಓಡದೆ ಸುಮ್ಮನೆ ಕೂತಿದ್ದೆ. ಏನಾಯಿತು ಎಂದು ಪಕ್ಕದವನು ಬರೆದು ತೋರಿಸಿದ. ಕಣ್ಣಿಗೆ ಧೂಳು ಬಿತ್ತು ಎಂದೆ.

ಆಮೇಲೆ ಒಂದು ನೆನಪಾಯಿತು. ನೀನು ಎಲ್ಲ ಕಡೆ ಬ್ರಷ್ ಹಾಕಿದೆ, ಒಂದು ಕಡೆ ಬಿಟ್ಟು. ಆ ಕರೆಂಟ್ ಡಬ್ಬಿ. ಅದರ ಫ್ಯಾನೂ ಗಾಳಿ ಎಳೆಯುತ್ತದೆ, ಕಂಪ್ಯೂಟರ್ ಬಂದ ದಿನದಿಂದ ಎಳೆದಿದೆ. ಒಂದು ಟಾರ್ಚ್ ತೆಗೆದುಕೊಂಡು ಹಿಂದಿನ ಜಾಲರಿಯಿಂದ ಒಳಗೆ ನೋಡು. ನೋಡುವುದು ಮಾತ್ರ. ಬಿಚ್ಚಬೇಡ, ನನ್ನಾಣೆ.

ಭಾವ ಹೇಗಿದ್ದಾರೆ, ಅದನ್ನು ಬರೆಯಲೇ ಇಲ್ಲ.

ತಮ್ಮ


ಮೇ 3

ತಮ್ಮಾ,

ಇಷ್ಟು ದಿನ ಬರೆಯಲಿಲ್ಲ ಎಂದು ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತರೆ ಒಳಗಿಂದ ಕೆಮ್ಮು ಕೇಳುತ್ತದೆ, ಎದ್ದು ಹೋಗುತ್ತೇನೆ.

ಇವರು ಶೆಡ್ಡಿಗೆ ಹೋಗುತ್ತಿಲ್ಲ. ಯಾರೂ ಬಿಡಿಸಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಮೇಲೇಳಲಿಲ್ಲ. ಹಾಗೇ ಹೊಸ್ತಿಲ ಮೇಲೆ ಕೂತರು. “ಇವತ್ತು ಒಂದು ದಿನ ಬೇಡ ಅನ್ಸುತ್ತೆ” ಎಂದರು. ಅದೇ ಒಂದು ದಿನ ಇನ್ನೂ ನಡೆಯುತ್ತಿದೆ. ರಾತ್ರಿ ಮಲಗಲು ಆಗುವುದಿಲ್ಲ, ಎರಡು ದಿಂಬು ಒರಗಿಸಿ ಕೂತೇ ಇರುತ್ತಾರೆ.

ಹೋದ ವಾರ ಕಂಪ್ಯೂಟರಿನ ಹಿಂದಿನಿಂದ ಪಟ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ನೀನು ಹೇಳಿದ ಆ ಡಬ್ಬಿಯೇ. ಮೆಕ್ಯಾನಿಕ್ ಬಂದು ಹೊಸದು ಹಾಕಿ, ಹಳೆಯದನ್ನು ನನ್ನ ಮೇಜಿನ ಮೇಲಿಟ್ಟ. “ಗುಜರಿಗೆ ಎಸಿ” ಎಂದರು ಮಾಲೀಕರು. ನಾನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಊಟದ ಬುಟ್ಟಿಯಲ್ಲಿ ಮುಚ್ಚಿಟ್ಟುಕೊಂಡು ಮನೆಗೆ ತಂದೆ. ಕದ್ದ ಹಾಗೇ ಆಯಿತು.

ಇವರ ಮುಂದೆ ಇಟ್ಟೆ, ಟಾರ್ಚ್ ಕೊಟ್ಟೆ. ಜಾಲರಿಗೆ ಕಣ್ಣು ಹಚ್ಚಿ ನೋಡಿದರು. ಆ ಕಡೆ ತಿರುಗಿಸಿ ನೋಡಿದರು. ಒಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿದೆ, ಗೋಡೆಗೆ ಸುಣ್ಣ ಬಳಿದ ಹಾಗೆ.

“ಇದನ್ನ ನೀನು ಒರೆಸಿಲ್ಲ ಅಲ್ವಾ?”

“ಇಲ್ಲ. ತಮ್ಮ ಮುಟ್ಟಬೇಡ ಅಂದಿದ್ದ.”

“ನಾನೂ ಅಲ್ಲೇ ಇದ್ನಲ್ಲ, ಇದರ ಜೊತೆ” ಎಂದರು. ಟಾರ್ಚ್ ಆರಿಸಿದರು. “ನಾಳೆ ಡಾಕ್ಟರ ಹತ್ರ ಹೋಗೋಣ. ಈ ಸಲ ನಾನೇ ಹೇಳ್ತೀನಿ” ಎಂದರು.

ಹೇಳಿದರು. ನೀರಿಲ್ಲದೆ ಕೊಯ್ದದ್ದು, ಪೈಪಿನ ಗಾಳಿ, ಎಲ್ಲ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಸದಾಗಿ ಫೋಟೋ ತೆಗೆಸಿದರು. ಕಲ್ಲಿನ ಧೂಳು ಎದೆಯಲ್ಲಿ ಕೂತು ಬರುವ ಕಾಯಿಲೆ, ಅದಕ್ಕೆ ಸಿಲಿಕೋಸಿಸ್ ಎನ್ನುತ್ತಾರಂತೆ. ಟಿಬಿಯ ಮಾತ್ರೆ ನಿಲ್ಲಿಸಿದರು. ಹಾಗಾದರೆ ಬೇರೆ ಮಾತ್ರೆ ಯಾವುದು ಎಂದು ಕೇಳಿದೆ. ಉಸಿರಿಗೆ ಸ್ವಲ್ಪ ಆರಾಮವಾಗಲು ಒಂದಿಷ್ಟು ಬರೆದುಕೊಟ್ಟರು, ಒಳಗೆ ಕೂತದ್ದನ್ನು ತೆಗೆಯುವ ಮಾತ್ರೆ ಇಲ್ಲವಂತೆ.

ಡಬ್ಬಿಯನ್ನು ಬಸ್ಸಿನ ಡ್ರೈವರ ಕೈಯಲ್ಲಿ ಕಳಿಸುತ್ತಿದ್ದೇನೆ. ಮನೆಯಲ್ಲಿದ್ದರೆ ಇವರು ಅದನ್ನೇ ನೋಡುತ್ತಾ ಕೂರುತ್ತಾರೆ. ಜೋಪಾನವಾಗಿ ಇಡು.

ಅಕ್ಕ


ಮೇ 11

ಅಕ್ಕಾ,

ಡಬ್ಬಿ ಬಂತು. ಬಿಚ್ಚಿಲ್ಲ. ಅದರೊಳಗಿನ ಕರೆಂಟ್ ಇಳಿಸುವುದು ನನಗೆ ಗೊತ್ತು, ಆದರೂ ಮನಸ್ಸು ಬರಲಿಲ್ಲ. ಕಪಾಟಿನ ಮೇಲಿನ ಹಲಗೆಯಲ್ಲಿ ಚೀಲದ ಸಮೇತ ಇಟ್ಟಿದ್ದೇನೆ.

ಕೋಣೆಯಲ್ಲಿ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದಿದ್ದೇನೆ. ಒರಗಿ ಕೂರಲು ಒಳ್ಳೆಯ ದಿಂಬು ತಂದೆ. ಭಾವನಿಗೆ ಹೇಳು, ಇಲ್ಲಿ ನೋಡಲು ಒಂದು ಮರ ಇದೆ, ಬೈಯಲು ನಾನಿದ್ದೇನೆ. ನನಗೆ ಹೇಗೂ ಕೇಳುವುದಿಲ್ಲ, ಮನಸಾರೆ ಬೈಯಬಹುದು. ಯಾವ ಬಸ್ಸಿಗೆ ಬರುತ್ತೀರಿ ಎಂದು ಬರೆ. ಬಸ್ ನಿಲ್ದಾಣಕ್ಕೆ ನಾನೇ ಬಂದು ಕರೆದುಕೊಂಡು ಬರುತ್ತೇನೆ, ಬೇಗ ಬರೆ.

ತಮ್ಮ


ಜೂನ್ 16

ಅಕ್ಕಾ,

ಭಾವನನ್ನು ಕಳಿಸಿಕೊಟ್ಟು, ತಿಥಿ ಮುಗಿಸಿ, ನಿನ್ನನ್ನು ಆ ಮನೆಯಲ್ಲಿ ಬಿಟ್ಟು ಬಂದಾಗಿನಿಂದ ಕೆಲಸದಲ್ಲಿ ಮನಸ್ಸಿಲ್ಲ. ಎರಡು ದಿಂಬು ಗೋಡೆಗೆ ಒರಗಿಸಿದ ಹಾಗೇ ಇದ್ದವು, ನೀನು ತೆಗೆಯಲು ಬಿಡಲಿಲ್ಲ. ಅಲ್ಲಿದ್ದಷ್ಟು ದಿನವೂ ನೀನು ನನ್ನ ಹತ್ತಿರ ಏನೂ ಮಾತಾಡಲಿಲ್ಲ. ನನ್ನ ಕಿವಿಗಾಗಿ ಅಲ್ಲ ಎಂದು ನನಗೆ ಗೊತ್ತು.

ಇನ್ನು ಅಲ್ಲಿ ಯಾಕೆ ಇರುತ್ತೀಯ? ಇಲ್ಲಿಗೆ ಬಾ. ನಿನಗೂ ಕೆಮ್ಮು ಇದೆ. ನಾನು ಕಿವುಡ, ಕುರುಡನಲ್ಲ. ಅಡುಗೆ ಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದನ್ನು ನೋಡಿದೆ. ಆ ಡಾಕ್ಟರಿಗೆ ಒಮ್ಮೆ ತೋರಿಸು, ನನ್ನ ಸಮಾಧಾನಕ್ಕಾದರೂ.

ಆ ಡಬ್ಬಿ ಇನ್ನೂ ಕಪಾಟಿನ ಮೇಲಿದೆ. ಭಾವ ಇದ್ದಿದ್ದರೆ ಅದರಿಂದ ಏನಾದರೂ ಆಗುತ್ತಿತ್ತು. ಈಗ ಯಾರಿಗೆ ಬೇಕು? ಎಸೆದುಬಿಡಲಾ?

ತಮ್ಮ


ಜುಲೈ 2

ಬಿಚ್ಚಪ್ಪನಿಗೆ ಅಕ್ಕನ ಆಶೀರ್ವಾದ.

ಈ ಹಾಳೆಯ ಹಿಂದೆ ಬಿಲ್ ಇಲ್ಲ, ತಿರುಗಿಸಿ ನೋಡು. ಅಂಗಡಿಯಲ್ಲಿ ಕೊಂಡ ಹಾಳೆ. ಕೆಲಸ ಬಿಟ್ಟೆ.

ಮಾಲೀಕರು ಮನೆಗೇ ಬಂದಿದ್ದರು. ಕಣ್ಣಲ್ಲಿ ನೀರು ಹಾಕಿದರು, ಸುಳ್ಳು ನೀರು ಎಂದು ಹೇಳಲಾರೆ. ಆಮೇಲೆ ಒಂದು ಒಳ್ಳೆಯ ಸುದ್ದಿ ಎಂದರು. ಡಬ್ಬಿ ಸುಟ್ಟ ಮೇಲೆ ಅವರಿಗೆ ಯೋಚನೆ ಹತ್ತಿತಂತೆ, ಆಫೀಸಿಗೆ ಸುತ್ತಲೂ ಗಾಜು ಹಾಕಿಸಿದ್ದಾರೆ. ಹೊಸ ಕಂಪ್ಯೂಟರ್, ತಣ್ಣನೆ ಗಾಳಿಯ ಮಿಷನ್, ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ. “ಒಂದು ಕಣ ಧೂಳು ಒಳಗೆ ಬರಲ್ಲಮ್ಮ, ನೀನು ಹಾಯಾಗಿ ಕೂತ್ಕೊಂಡು ಕೆಲಸ ಮಾಡಬಹುದು” ಎಂದರು. ಒಂದು ದಿನ ಹೋಗಿ ಕೂತೆ. ನಿಜವಾಗಿಯೂ ಹಾಯಾಗಿತ್ತು. ಗಾಜಿನ ಆಚೆ ಇವರು ನಿಲ್ಲುತ್ತಿದ್ದ ಜಾಗದಲ್ಲಿ ಹೊಸಬ ಒಬ್ಬ ನಿಂತಿದ್ದ, ಇವರದೇ ಗ್ರೈಂಡರ್ ಹಿಡಿದು. ಈಚೆಗೆ ಮದುವೆಯಾದವನಂತೆ. ಕೆಲಸ ಶುರುವಾದ ಮೇಲೆ ಅವನ ಮುಖ ಕಾಣಲಿಲ್ಲ, ಬೆಳ್ಳಗೆ ಒಂದು ಆಕಾರ ಮಾತ್ರ. ಡ್ರಾ ಎಳೆದು ನೋಡಿದೆ. ನಲ್ಲಿಯ ಹಿಡಿ ಅಲ್ಲಿಗೇ ವಾಪಸ್ ಬಂದಿತ್ತು. ಎದ್ದು ಹೋಗಿ ಅದನ್ನು ಅವನ ಕೈಗೆ ಕೊಟ್ಟು ಮನೆಗೆ ಬಂದೆ.

ಡಾಕ್ಟರಿಗೂ ತೋರಿಸಿದೆ. ನನ್ನ ಬಾಯಿಗೆ ಒಂದು ಪೈಪು ಕೊಟ್ಟು, “ಜೋರಾಗಿ ಊದಿ, ಇನ್ನೂ ಜೋರಾಗಿ, ನಿಲ್ಲಿಸಬೇಡಿ” ಎಂದರು. ನೀನು ಊದಬಾರದು ಎನ್ನುತ್ತೀಯ, ಅವರು ಊದಿ ಎನ್ನುತ್ತಾರೆ. ಮೂರು ಸಲ ಊದಿದೆ. ಮುಳ್ಳು ಅರ್ಧದ ತನಕವೂ ಹೋಗಲಿಲ್ಲ. ಅವರು ಏನೂ ಹೇಳುವ ಮೊದಲೇ ನನಗೆ ಗೊತ್ತಾಯಿತು. ಅಳು ಬರಲಿಲ್ಲ. ಭಯವಾಯಿತು, ಈಗಲೂ ಇದೆ. ಇವರಿಗೆ ಇಷ್ಟು ಭಯ ಇತ್ತೇ, ಹೇಳದೆ ಹೇಗೆ ಇಟ್ಟುಕೊಂಡರು ಎಂದು ಯೋಚಿಸುತ್ತಾ ಬಂದೆ. ಇವರಷ್ಟು ದೂರ ಹೋಗಿಲ್ಲ, ಧೂಳಿನಿಂದ ದೂರ ಇದ್ದರೆ ಇನ್ನೂ ಬಹಳ ದಿನ ಇದೆ ಎಂದಿದ್ದಾರೆ. ನಿನ್ನ ಕಿಟಕಿಯ ಹತ್ತಿರ ಬಂದು ಕೂರುತ್ತೇನೆ. ಅದಕ್ಕೆ ಮೊದಲು ಒಂದು ಕೆಲಸ ಇದೆ.

ಡಬ್ಬಿಯನ್ನು ಎಸೆಯಬೇಡ. ಯಾರಿಗೆ ಬೇಕು ಎಂದು ಕೇಳಿದ್ದೀಯ. ಆ ಹೊಸಬನಿಗೆ ಬೇಕು. ಅವತ್ತು “ಇಲ್ಲ ಸಾರ್” ಎಂದ ಬಾಯಿಗೂ ಬೇಕು. ತಪಾಸಣೆಯವರ ಕಚೇರಿಗೆ ಹೋಗಿ ದಿನ ಕೇಳಿಕೊಂಡು ಬಂದೆ. ಬರುವ ಸೋಮವಾರ ಆ ಅಧಿಕಾರಿ ಸಿಗುತ್ತಾನೆ. ಅವನ ಮೇಜಿನ ಮೇಲೆ ಇಟ್ಟು ಅವನ ಕಣ್ಣೆದುರಿಗೇ ಸ್ಕ್ರೂ ತೆಗೆಯಬೇಕು. ಬಿಚ್ಚುವ ಕೆಲಸ ನಿನ್ನದು, ಮಾತಾಡುವ ಕೆಲಸ ನನ್ನದು. ಹಳೆಯ ಡಬ್ಬಿ ಯಾವ ಕಂಪ್ಯೂಟರಿನದು ಎಂದು ಹೇಳಲು ಆ ಮೆಕ್ಯಾನಿಕ್ಕೂ ಒಪ್ಪಿಕೊಂಡಿದ್ದಾನೆ.

ನೀನು ನನಗೆ ಬರೆದ ಹಾಗೇ ನಾನೂ ಬರೆಯುತ್ತೇನೆ, ಒಂದಕ್ಷರ ಬಿಡದೆ ಮಾಡು. ಡಬ್ಬಿಯನ್ನು ಒರೆಸಬೇಡ. ಬ್ರಷ್ ಹಾಕಬೇಡ. ಬಾಯಿಂದ ಊದಬೇಡ. ಬಸ್ಸಿನಲ್ಲಿ ಕೆಳಗಿಡದೆ ತೊಡೆಯ ಮೇಲೆ ಇಟ್ಟುಕೋ, ಕುಲುಕದಿರಲಿ. ಬರುವಾಗ ಮೂಗಿಗೆ ಕಟ್ಟಿಕೊಳ್ಳಲು ಒಗೆದ ಬಟ್ಟೆ ತಾ. ನಿನಗೊಂದು, ನನಗೊಂದು. ಆ ಅಧಿಕಾರಿಗೂ ಒಂದು ಇರಲಿ.

ನಿನ್ನ ಅಕ್ಕ